ಶೆಲ್ಫ್ ಫೋಟೋಗೆ 40 ರೂಪಾಯಿ, ಅಂಗಡಿಯವರ ಒಪ್ಪಿಗೆಗೆ ಎಷ್ಟು?

ಮೊಬೈಲಿಗೆ ಆಪ್ ಹಾಕಿಕೊಂಡು ಅಂಗಡಿ ಅಂಗಡಿ ಸುತ್ತಿ ಫೋಟೋ ತೆಗೆದರೆ ದುಡ್ಡು ಕೊಡ್ತಾರಂತೆ, ನಿಜಾನಾ? ಈಗೀಗ ಈ ಪ್ರಶ್ನೆ ನನಗೆ ಜಾಸ್ತಿ ಬರುತ್ತಿದೆ. ಸ್ಕೂಲ್ ಗೇಟಿನ ಹತ್ತಿರ ಬೇರೆ ಮಕ್ಕಳ ಅಮ್ಮಂದಿರು ಕೇಳುತ್ತಾರೆ, ಊರಿಂದ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಕೇಳುತ್ತಾಳೆ. ನಿಜ, ಕೊಡುತ್ತಾರೆ. ಮನೆ ನಡೆಸುವಷ್ಟು ಬರುವುದಿಲ್ಲ. ಗ್ಯಾಸ್ ಸಿಲಿಂಡರ್, ಮಗಳ ಡ್ಯಾನ್ಸ್ ಕ್ಲಾಸ್ ಫೀಸು, ಹಬ್ಬದ ಹೊತ್ತಿಗೆ ಒಂದಿಷ್ಟು ಕೈಖರ್ಚು, ಇಷ್ಟಕ್ಕೆ ಆಗುತ್ತದೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ. ಆಪ್‌ಗಳ ಹೆಸರು ಹೇಳುವುದಿಲ್ಲ. ಒಂದು ಹೋದರೆ ಇನ್ನೊಂದು ಬರುತ್ತದೆ, ಕೆಲಸದ ರೀತಿ ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ.

ನಾನು ಇರುವುದು ಮೈಸೂರಿನಲ್ಲಿ. ಮಗಳು ಸ್ಕೂಲಿಗೆ ಹೋದ ಮೇಲೆ, ಅವಳು ವಾಪಸ್ ಬರುವುದರೊಳಗೆ ಮಾಡಿ ಮುಗಿಸುವ ಕೆಲಸ ಇದು.

ಬಿಸ್ಕತ್ತು, ಶಾಂಪೂ, ಕೂಲ್ ಡ್ರಿಂಕ್ಸ್ ಮಾಡುವ ದೊಡ್ಡ ಕಂಪನಿಗಳಿಗೆ ತಮ್ಮ ಮಾಲು ಅಂಗಡಿಯಲ್ಲಿ ಹೇಗೆ ಕೂತಿದೆ ಅಂತ ಗೊತ್ತಾಗಬೇಕು. ಕಣ್ಣಿಗೆ ಬೀಳುವ ಜಾಗದಲ್ಲಿದೆಯಾ, ಪಕ್ಕದ ಕಂಪನಿಯ ಪ್ಯಾಕೆಟ್ ಎಷ್ಟು ಜಾಗ ಹಿಡಿದಿದೆ, ಖಾಲಿಯಾಗಿದೆಯಾ, ಎಂಆರ್‌ಪಿ ಎಷ್ಟು ಹಾಕಿದೆ, ಎಕ್ಸ್‌ಪೈರಿ ಯಾವಾಗ. ಮೊದಲು ಇದಕ್ಕೆ ಅಂತಲೇ ಸಂಬಳದ ಜನ ಇರುತ್ತಿದ್ದರು. ಈಗ ಆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದಕ್ಕೂ ರೇಟು ಕಟ್ಟಿ, ಹತ್ತಿರದಲ್ಲಿರುವ ಯಾರಾದರೂ ಮಾಡಲಿ ಅಂತ ಆಪ್‌ನಲ್ಲಿ ಬಿಡುತ್ತಾರೆ. ಅಮೆರಿಕದಲ್ಲಿ ಫೀಲ್ಡ್ ಏಜೆಂಟ್ ಅನ್ನುವ ಆಪ್ 2010ರಲ್ಲೇ ಹೀಗೆ ಶುರು ಮಾಡಿತ್ತು. ನಮ್ಮಲ್ಲಿ ಸ್ಮಾರ್ಟ್‌ಫೋನೂ ಅಗ್ಗದ ಡೇಟಾನೂ ಬಂದ ಮೇಲೆ ಗಲ್ಲಿ ಗಲ್ಲಿಯ ದಿನಸಿ ಅಂಗಡಿಗೂ ಈ ಟಾಸ್ಕ್ ಬಂದಿದೆ.

ಆಪ್‌ನಲ್ಲಿ ಬರೆದಿರುವುದು ಇಷ್ಟೇ. ಅಂಗಡಿಗೆ ಹೋಗಿ, ಮುಂಭಾಗದ ಒಂದು ಫೋಟೋ, ಶೆಲ್ಫಿನ ಎರಡು ಮೂರು ಫೋಟೋ, ಹತ್ತು ಹನ್ನೆರಡು ಪ್ರಶ್ನೆಗೆ ಉತ್ತರ, ಸಬ್ಮಿಟ್. ಅಂದಾಜು ಸಮಯ ಹತ್ತು ನಿಮಿಷ. ಈ ಹತ್ತು ನಿಮಿಷದ ಲೆಕ್ಕದಲ್ಲಿ ಕೌಂಟರ್ ಆಚೆ ನಿಂತಿರುವ ಮನುಷ್ಯ ಇಲ್ಲವೇ ಇಲ್ಲ. ನಿಜವಾದ ಕೆಲಸ ಇರುವುದೇ ಅಲ್ಲಿ. ಫೋಟೋ ತೆಗೆಯುವುದು ಯಾರಿಗಾದರೂ ಬರುತ್ತದೆ. ಬೇರೆಯವರ ಅಂಗಡಿಯೊಳಗೆ ನಿಂತು ಅವರ ಮಾಲಿನ ಫೋಟೋ ತೆಗೆಯಲು ಅವರನ್ನು ಒಪ್ಪಿಸುವುದು, ಅದೂ ಅವರಿಗೆ ಒಂದು ಪೈಸೆ ಲಾಭ ಇಲ್ಲದಿರುವಾಗ, ಬೇರೆಯೇ ಕೆಲಸ. ಅದಕ್ಕೆ ಆಪ್ ಏನೂ ಕೊಡುವುದಿಲ್ಲ.

ಫ್ರಿಜ್ ಟಾಸ್ಕನ್ನೇ ನೋಡಿ. ಅಂಗಡಿಗಳ ಮುಂದೆ ಗಾಜಿನ ಬಾಗಿಲಿನ ಎತ್ತರದ ಫ್ರಿಜ್ ಇರುತ್ತಲ್ಲ, ತುಂಬಾ ಕಡೆ ಅದನ್ನು ಕೂಲ್ ಡ್ರಿಂಕ್ಸ್ ಕಂಪನಿಯವರೇ ಕೊಟ್ಟಿರುತ್ತಾರೆ. ಅದರೊಳಗೆ ತಮ್ಮ ಬಾಟಲ್ ಮಾತ್ರ ಇರಬೇಕು ಅನ್ನುವುದು ಅವರ ಷರತ್ತು. ಅಗ್ರಹಾರದ ಒಂದು ಚಿಕ್ಕ ಅಂಗಡಿಗೆ ಈ ಟಾಸ್ಕ್ ಹಿಡಿದು ಹೋಗಿದ್ದೆ. ಮೇಲಿನ ಎರಡು ಸಾಲಿನಲ್ಲಿ ಬಾಟಲ್‌ಗಳು ಸರಿಯಾಗಿದ್ದವು. ಕೆಳಗೆ ಮೊಸರಿನ ಪ್ಯಾಕೆಟ್, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕರಿಬೇವು, ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ, ದೋಸೆ ಹಿಟ್ಟಿನ ಕವರ್. ಅಂಗಡಿಯ ಅಜ್ಜ ನನ್ನ ಫೋನ್ ನೋಡಿದ ತಕ್ಷಣ ಕೇಳಿದರು, "ಈ ಫೋಟೋ ಅವರಿಗೆ ಹೋದ್ರೆ ಫ್ರಿಜ್ ವಾಪಸ್ ತಗೊಂಡು ಹೋಗ್ತಾರಾ ಅಮ್ಮಾ?"

ಇದಕ್ಕೆ ಸುಳ್ಳು ಹೇಳಿದರೆ ನನಗೆ ದುಡ್ಡು ಬರುತ್ತದೆ. ಏನೂ ಆಗಲ್ಲ ಬಿಡಿ ಅಂದುಬಿಟ್ಟರೆ ಮುಗಿಯಿತು. ಆದರೆ ಆ ಅಂಗಡಿಗೆ ಸಂಜೆ ಬರುವ ಹೆಂಗಸರು ಹೂವಿಗೂ ಹಿಟ್ಟಿಗೂ ಬರುತ್ತಾರೆ, ಬಾಟಲಿಗೆ ಅಲ್ಲ. ಆ ಫ್ರಿಜ್ ಹೋದರೆ ಅವರ ವ್ಯಾಪಾರಕ್ಕೇ ಪೆಟ್ಟು. ಫೋಟೋ ಕಂಪನಿಗೆ ಹೋಗುತ್ತದೆ, ಅವರು ಏನು ಮಾಡುತ್ತಾರೋ ಅದು ನನ್ನ ಕೈಯಲ್ಲಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗಾದರೆ ಬೇಡ ಅಂದರು. ಆಪ್‌ನಲ್ಲಿ "ಅನುಮತಿ ಸಿಗಲಿಲ್ಲ" ಅಂತ ಒತ್ತಿ ಬಂದೆ. ಹಾಗೆ ಒತ್ತಿದರೆ ಸಿಗುವ ದುಡ್ಡು ಸೊನ್ನೆ. ನಾನು ಹೋಗಿದ್ದೆ, ಅಂಗಡಿ ತೆರೆದಿತ್ತು, ಮಾಲೀಕರು ಒಪ್ಪಲಿಲ್ಲ, ಈ ಮೂರೂ ಕಂಪನಿಗೆ ಬೇಕಾದ ಮಾಹಿತಿಯೇ. ಅದನ್ನು ಪುಕ್ಕಟೆ ತೆಗೆದುಕೊಳ್ಳುತ್ತಾರೆ. ನನಗೆ ಇಡೀ ವ್ಯವಸ್ಥೆಯಲ್ಲಿ ಸರಿ ಕಾಣದಿರುವುದು ಇದು. ನಿಜ ಹೇಳುವವರಿಗೆ ನಷ್ಟ, ಅಂಗಡಿಯವರಿಗೆ ಗೊತ್ತಾಗದ ಹಾಗೆ ಕದ್ದು ಕ್ಲಿಕ್ಕಿಸುವವರಿಗೆ ಲಾಭ.

ಅಂಗಡಿಯವರ ಹೆದರಿಕೆಗೆ ಕಾರಣ ಇದೆ. 2025ರ ಜುಲೈ ನೆನಪಿರಬೇಕು ನಿಮಗೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅನ್ನುವುದು ನಿಯಮ. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರ ಕೈಗೆಲ್ಲ ಲಕ್ಷಗಟ್ಟಲೆಯ ನೋಟಿಸ್ ಬಂತು. ಹಲವರು ಕ್ಯೂಆರ್ ಕೋಡ್ ಕಿತ್ತುಹಾಕಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿದರು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಭರವಸೆ ಕೊಟ್ಟರು, ಗಲಾಟೆ ತಣ್ಣಗಾಯಿತು. ಆದರೆ ಅಂಗಡಿಯವರ ಮನಸ್ಸಿನಲ್ಲಿ ಅದು ಉಳಿದಿದೆ. ಆ ಹೊತ್ತಲ್ಲಿ ಫೋನ್ ಹಿಡಿದು ಶೆಲ್ಫ್ ಕಡೆ ತಿರುಗಿಸಿದರೆ ಸಾಕು, "ನೀವು ಟ್ಯಾಕ್ಸ್ ಕಡೆಯವರಾ?" ಅನ್ನುವ ಪ್ರಶ್ನೆ ಬರುತ್ತಿತ್ತು. ಈಗಲೂ ಒಮ್ಮೊಮ್ಮೆ ಬರುತ್ತದೆ. ಅವರ ಮೇಲೆ ಸಿಟ್ಟಾಗುವ ಮೊದಲು ಅವರ ಜಾಗದಲ್ಲಿ ನಿಂತು ಯೋಚಿಸಿ. ಗುರುತಿಲ್ಲದ ಒಬ್ಬಳು ಬಂದು, ಅಂಗಡಿ ಬೋರ್ಡಿನ ಫೋಟೋ ತೆಗೆದು, ಒಳಗಿನ ಮಾಲಿನ ಫೋಟೋ ತೆಗೆದು, ಲೊಕೇಶನ್ ಸಮೇತ ಎಲ್ಲಿಗೋ ಕಳಿಸುತ್ತಾಳೆ. ನಮ್ಮ ಮನೆಗೆ ಯಾರಾದರೂ ಹೀಗೆ ಬಂದರೆ ಬಿಡುತ್ತೇವಾ?

ಹಾಗಾಗಿ ನಾನು ಕೆಲವು ರೂಢಿ ಇಟ್ಟುಕೊಂಡಿದ್ದೇನೆ. ಬೋಣಿ ಆಗುವ ಮುಂಚೆ ಯಾವ ಅಂಗಡಿಗೂ ಹೋಗುವುದಿಲ್ಲ. ಬೆಳಿಗ್ಗೆ ಮೊದಲ ವ್ಯಾಪಾರವೇ ಆಗಿಲ್ಲ, ಅಷ್ಟರಲ್ಲಿ ಏನೂ ಕೊಳ್ಳದ ಒಬ್ಬಳು ಬಂದು ಪ್ರಶ್ನೆ ಕೇಳುತ್ತಾ ನಿಂತರೆ ಯಾರಿಗೆ ಇಷ್ಟವಾಗುತ್ತದೆ? ಹಾಲು, ಬ್ರೆಡ್‌ಗೆ ಬರುವವರ ಗದ್ದಲ ಮುಗಿದು, ಮಧ್ಯಾಹ್ನದ ಊಟಕ್ಕೆ ಶಟರ್ ಎಳೆಯುವ ಮುಂಚೆ, ಹನ್ನೊಂದರಿಂದ ಹನ್ನೆರಡೂವರೆ ಒಳ್ಳೆ ಹೊತ್ತು. ಗಿರಾಕಿ ಇದ್ದರೆ ಅವರದು ಮುಗಿಯುವತನಕ ಪಕ್ಕಕ್ಕೆ ನಿಲ್ಲುತ್ತೇನೆ. ಮನೆಗೆ ಹೇಗೂ ಬೇಕಾದ ಉಪ್ಪೋ ಸೋಪೋ ಅಲ್ಲೇ ತೆಗೆದುಕೊಳ್ಳುತ್ತೇನೆ. ಲಂಚದ ಹಾಗಲ್ಲ, ಹೇಗೂ ಕೊಳ್ಳುವುದಿದೆ, ನನಗೆ ಹೊತ್ತು ಕೊಟ್ಟವರ ಅಂಗಡಿಯಲ್ಲೇ ಕೊಳ್ಳುವುದು ಸರಿ ಅನ್ನಿಸುತ್ತದೆ. ಆಮೇಲೆ ಫೋನ್ ಸ್ಕ್ರೀನನ್ನೇ ಅವರ ಕಡೆ ತಿರುಗಿಸಿ ಟಾಸ್ಕ್ ತೋರಿಸುತ್ತೇನೆ. ಯಾವ ಕಂಪನಿ ಅಂತ ಹೇಳಬಾರದು ಅನ್ನುವ ಟಾಸ್ಕ್‌ಗಳೂ ಇವೆ. ಅಂಥವನ್ನು ನಾನು ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಈಗ ದುಡ್ಡಿನ ವಿಷಯ. ನನಗೆ ಸಿಗುವ ಶೆಲ್ಫ್ ಫೋಟೋ ಟಾಸ್ಕ್‌ಗಳು 30ರಿಂದ 60 ರೂಪಾಯಿಯವು, ಜಾಸ್ತಿ 40ರವು. ಹತ್ತು ನಿಮಿಷದ ಕೆಲಸ ಅಂದರೂ ಮಾತುಕತೆ, ಕಾಯುವುದು, ಅಪ್‌ಲೋಡ್ ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಿರಿ. ದೂರದ ಒಂದೇ ಒಂದು ಟಾಸ್ಕ್‌ಗೆ ಹೋದರೆ ಸುಮ್ನೆ ಹೊತ್ತು ಹಾಳು. ಸ್ಕೂಟರ್ ಲೀಟರಿಗೆ 40 ಕಿಲೋಮೀಟರ್ ಕೊಡುತ್ತದೆ ಅಂದುಕೊಳ್ಳಿ, ಪೆಟ್ರೋಲ್ ನೂರು ದಾಟಿದೆ, ಅಂದರೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ಹೋಗಿ ಬರಲು 12 ಕಿಲೋಮೀಟರ್ ಆದರೆ 30 ರೂಪಾಯಿ ಪೆಟ್ರೋಲಿಗೇ ಹೋಯಿತು, 40ರಲ್ಲಿ ಉಳಿದದ್ದು 10. ಅದಕ್ಕೇ ಒಂದೇ ಏರಿಯಾದಲ್ಲಿ ನಾಲ್ಕೈದು ಟಾಸ್ಕ್ ಸೇರುವತನಕ ಕಾಯುತ್ತೇನೆ. ಅಗ್ರಹಾರದಲ್ಲಿ ಇಳಿದು ನಂಜುಮಳಿಗೆ, ಅಲ್ಲಿಂದ ವಿದ್ಯಾರಣ್ಯಪುರಂ ಕಡೆಗೆ ನಡೆದುಕೊಂಡೇ ಹೋದರೆ ಒಂದು ಬೆಳಿಗ್ಗೆ ಸಾರ್ಥಕ.

ಇಲ್ಲಿ ಒಂದು ಮಾತು ಹೇಳಲೇಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಅದು ಇಲ್ಲದಿದ್ದರೆ ನಾನು ಈ ಕೆಲಸ ಮಾಡುತ್ತಲೇ ಇರಲಿಲ್ಲ. ಸಿಟಿ ಬಸ್ಸಲ್ಲಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರೆ ಹೋಗಿ ಬರುವ ಖರ್ಚು ಇಲ್ಲ, ಸಿಕ್ಕಿದ್ದು ಪೂರ್ತಿ ಕೈಗೆ. ಫ್ರೀ ಬಸ್ಸಲ್ಲಿ ಹೆಂಗಸರು ಸುಮ್ನೆ ಸುತ್ತುತ್ತಾರೆ ಅನ್ನುವವರ ಮಾತು ಕೇಳಿ ಕೇಳಿ ಸಾಕಾಗಿದೆ. ನನ್ನ ಹಾಗೆ ಆ ಬಸ್ಸಿನಿಂದಲೇ ನಾಲ್ಕು ಕಾಸು ದುಡಿಯುವವರು ಎಷ್ಟೋ ಜನ ಇದ್ದಾರೆ, ಹೂವಿನ ಬುಟ್ಟಿ ಇಟ್ಟುಕೊಂಡು ಪಕ್ಕದ ಸೀಟಲ್ಲೇ ಕೂತಿರುತ್ತಾರೆ.

ದುಡ್ಡು ತಪ್ಪುವುದು ಎಲ್ಲಿ ಅಂದರೆ ರಿಜೆಕ್ಟ್ ಆದಾಗ. ಕೆಲಸ ಮಾಡಿ ಕಳಿಸಿ ಎರಡು ಮೂರು ದಿನ ಆದ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು, "ಗುಣಮಟ್ಟ ಸರಿಯಿಲ್ಲ". ಯಾವ ಫೋಟೋ, ಏನು ಸರಿಯಿಲ್ಲ, ಹೇಳುವುದಿಲ್ಲ. ಒಂದು ಆಪ್‌ನಲ್ಲಿ ನನ್ನ ಐದೂ ಫೋಟೋ ಸ್ಪಷ್ಟವಾಗಿದ್ದವು, ಲೊಕೇಶನ್ ಸರಿ ಇತ್ತು, ಆದರೂ ಹೋಯಿತು. ಸಪೋರ್ಟ್‌ಗೆ ಬರೆದರೆ ಅದೇ ಸಾಲು ಇನ್ನೊಮ್ಮೆ ಬಂತು. ದುಡ್ಡು ಕೊಡದ ಆ ಫೋಟೋಗಳು ಮಾತ್ರ ಅವರ ಹತ್ತಿರವೇ ಉಳಿದವು. ತಪ್ಪಿದೆ ಅಂತಾದರೆ ಯಾವುದು ಅಂತ ತೋರಿಸಿ, ಇನ್ನೊಮ್ಮೆ ಮಾಡಲು ಬಿಡಿ. ಬೇಡವಾದರೆ ಫೋಟೋ ಅಳಿಸಿಹಾಕಿ. ಇಷ್ಟು ಕೇಳುವುದು ದೊಡ್ಡದಾ?

ರಿಜೆಕ್ಟ್ ಕಡಿಮೆಯಾಗಬೇಕು ಅಂದರೆ ಕೆಲವು ವಿಷಯ ನೋಡಿಕೊಳ್ಳಿ. ಫ್ರಿಜ್ ಗಾಜಿನ ಮುಂದೆ ನೇರ ನಿಂತರೆ ಬೀದಿಯ ಬೆಳಕೂ ನೀವೂ ಫೋಟೋದಲ್ಲಿ ಬರುತ್ತೀರಿ. ಸ್ವಲ್ಪ ಪಕ್ಕಕ್ಕೆ ನಿಂತು ಓರೆಯಾಗಿ ತೆಗೆಯಿರಿ, ಫ್ಲ್ಯಾಶ್ ಬೇಡ. ಒಂದು ರೂಪಾಯಿ, ಎರಡು ರೂಪಾಯಿಯ ಶಾಂಪೂ ಸ್ಯಾಶೆಗಳು ಸರ ಸರವಾಗಿ ನೇತಾಡುತ್ತಿರುತ್ತವೆ, ಫ್ಯಾನ್ ಗಾಳಿಗೆ ಅಲ್ಲಾಡಿದರೆ ಫೋಟೋ ಮಸುಕು. ಅಲ್ಲಾಟ ನಿಲ್ಲುವತನಕ ಕಾಯಿರಿ, ಕೈಯಲ್ಲಿ ಹಿಡಿದು ತೆಗೆಯಬೇಡಿ, ಮಾಲು ಮುಟ್ಟಿದ್ದೀರಿ ಅಂತ ಅದನ್ನೂ ತಳ್ಳಿಹಾಕುತ್ತಾರೆ. ದೇವರಾಜ ಮಾರ್ಕೆಟ್ಟಿನ ಒಳಗಿನ ಅಂಗಡಿಗಳಲ್ಲಿ ಜಿಪಿಎಸ್ ಕೈ ಕೊಡುತ್ತದೆ. ನೀವು ಅಂಗಡಿ ಮುಂದೆಯೇ ನಿಂತಿದ್ದರೂ ಆಪ್ ನಿಮ್ಮನ್ನು ಸಯ್ಯಾಜಿ ರಾವ್ ರಸ್ತೆಯ ಮಧ್ಯೆ ತೋರಿಸುತ್ತದೆ. ಹೊರಗೆ ಬಯಲಲ್ಲಿ ನಿಂತು ಲೊಕೇಶನ್ ಹಿಡಿಸಿಕೊಂಡು ಆಮೇಲೆ ಒಳಗೆ ಹೋಗಿ. ಅಂಗಡಿ ಬಿಡುವ ಮುಂಚೆ ಎಲ್ಲ ಪ್ರಶ್ನೆಗೂ ಉತ್ತರ ತುಂಬಿದೆಯಾ ನೋಡಿ. ಸಬ್ಮಿಟ್ ಆದ ಸ್ಕ್ರೀನಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇನ್ನೊಂದು, ಲೊಕೇಶನ್ ಪರ್ಮಿಶನ್ "ಯಾವಾಗಲೂ" ಅಂತ ಕೊಡಬೇಡಿ, "ಆಪ್ ಬಳಸುವಾಗ ಮಾತ್ರ" ಅಂತ ಕೊಟ್ಟರೆ ಸಾಕು.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿಯಿತಲ್ಲ, ಬಿಸ್ಕತ್ತು, ಶಾಂಪೂ, ಟೂತ್‌ಪೇಸ್ಟ್, ಸೋಪಿನ ಮೇಲಿನ ತೆರಿಗೆ 18ರಿಂದ 5 ಪರ್ಸೆಂಟಿಗೆ ಬಂತು. ಆಗ ಬೆಲೆ ನೋಡುವ ಟಾಸ್ಕ್ ಜಾಸ್ತಿಯಾಗಿದ್ದವು. ಒಂದೇ ಶೆಲ್ಫಿನಲ್ಲಿ ಹಳೇ ಬೆಲೆಯದೂ ಹೊಸ ಬೆಲೆಯದೂ ಪಕ್ಕಪಕ್ಕ ಇರುತ್ತಿದ್ದವು. ಅಂಗಡಿಯವರಿಗೂ ಯಾವುದನ್ನು ಎಷ್ಟಕ್ಕೆ ಕೊಡಬೇಕು ಅನ್ನುವ ಗೊಂದಲ. ಕೆಲವರು ನನ್ನನ್ನೇ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಆಗ ಮಾತ್ರ ಈ ಕೆಲಸದಿಂದ ಅಂಗಡಿಯವರಿಗೂ ಏನೋ ಉಪಯೋಗ ಆಯಿತು ಅನ್ನಿಸಿತು.

ಕ್ಯೂಆರ್ ಕೋಡ್, ಸೌಂಡ್ ಬಾಕ್ಸ್ ಹಾಕಿಸುವ ಕೆಲಸಕ್ಕೆ ಇನ್ನೂ ಜಾಸ್ತಿ ಕೊಡುತ್ತಾರೆ, ಒಂದು ಅಂಗಡಿಗೆ ನೂರರ ಮೇಲೆ. ಆದರೆ ಅಂಗಡಿಯವರ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಎಲ್ಲ ನಿಮ್ಮ ಕೈಯಿಂದ ಹೋಗುತ್ತದೆ. ಸೌಂಡ್ ಬಾಕ್ಸಿಗೆ ತಿಂಗಳ ಬಾಡಿಗೆ ಇರುವುದನ್ನು ಹೇಳದೆ ಅಂಟಿಸಿ ಹೋಗುವವರನ್ನು ನೋಡಿದ್ದೇನೆ. ಮುಂದಿನ ತಿಂಗಳು ದುಡ್ಡು ಕಟ್ಟಾದಾಗ ಅಂಗಡಿಯವರು ಬೈಯುವುದು ಆಮೇಲೆ ಬಂದವರಿಗೆ. ಬಾಡಿಗೆ ಎಷ್ಟು, ನಿಲ್ಲಿಸುವುದು ಹೇಗೆ ಅಂತ ಬಾಯಿಬಿಟ್ಟು ಹೇಳಿ, ಒಪ್ಪಿದರೆ ಮಾತ್ರ ಹಾಕಿ.

ಮಿಸ್ಟರಿ ಶಾಪಿಂಗ್ ಅಂತ ಇನ್ನೊಂದಿದೆ. ಗಿರಾಕಿಯ ಹಾಗೆ ಶೋರೂಮಿಗೆ ಹೋಗಿ, ಏನಾದರೂ ಕೊಂಡು, ಸಿಬ್ಬಂದಿ ನಮಸ್ಕಾರ ಹೇಳಿದರಾ, ಬಿಲ್ ಕೊಟ್ಟರಾ, ಇನ್ನೊಂದು ಆಫರ್ ಬಗ್ಗೆ ಹೇಳಿದರಾ ಅಂತ ಮಾರ್ಕ್ಸ್ ಹಾಕಬೇಕು. ಕೊಂಡ ದುಡ್ಡು ವಾಪಸ್, ಮೇಲೆ ಫೀಸು. ದೇವರಾಜ ಅರಸ್ ರಸ್ತೆಯಲ್ಲಿ ಇಂಥವು ಸಿಗುತ್ತವೆ. ಬೆಳಿಗ್ಗೆಯಿಂದ ನಿಂತೇ ಇರುವ ಹುಡುಗಿ ಒಂದು ಸಲ ನಗದಿದ್ದಕ್ಕೆ ಅವಳ ಹೆಸರು ಬರೆದು ಕಳಿಸುವುದು ನನ್ನಿಂದ ಆಗುವುದಿಲ್ಲ. ಹೆಸರು ಕೇಳದ ಟಾಸ್ಕ್ ಮಾತ್ರ ಮಾಡುತ್ತೇನೆ.

ಇನ್ನು ಮೋಸದ ವಿಷಯ. ಅಸಲಿ ಆಪ್ ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಟೆಲಿಗ್ರಾಂ ಗ್ರೂಪಿಗೆ ಸೇರಿಸಿ, ವಿಡಿಯೋ ಲೈಕ್ ಮಾಡಿ, ಹೋಟೆಲಿಗೆ ರೇಟಿಂಗ್ ಕೊಡಿ ಅಂತ ಮೊದಲು ನೂರಿನ್ನೂರು ನಿಜವಾಗಿಯೇ ಹಾಕಿ, ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಅಂತ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವವರು ಕಳ್ಳರು. ಓದಿದವರೂ ಇದರಲ್ಲಿ ಲಕ್ಷ ಲಕ್ಷ ಕಳೆದುಕೊಂಡಿದ್ದಾರೆ. ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಟ್ಯಾಕ್ಸ್ ಬಗ್ಗೆ ಒಂದೇ ಮಾತು. ಪ್ಯಾನ್ ಕೊಡಿ, ಕೊಡದಿದ್ದರೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, 20 ಪರ್ಸೆಂಟ್ ಹಿಡಿಯಬಹುದು. ಹಿಡಿದದ್ದು ಆದಾಯ ತೆರಿಗೆ ವೆಬ್‌ಸೈಟಿನಲ್ಲಿ ನಿಮ್ಮ ಲೆಕ್ಕದಲ್ಲಿ ಕಾಣುತ್ತದೆ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ಕಾನೂನು ಏನು ಹೇಳುತ್ತದೆ ಅಂತಲೂ ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆಪ್ ಮೂಲಕ ಬಿಡಿ ಕೆಲಸ ಮಾಡುವವರ, ಸಾಮಾಜಿಕ ಭದ್ರತೆಗೆ ಕಾಯ್ದೆ ಬಂತು. ಕೆಲಸಗಾರರಿಗೆ ಕೊಡುವ ದುಡ್ಡಿನ ಮೇಲೆ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಕೊಟ್ಟು 14 ದಿನದ ನೋಟಿಸ್ ಕೊಡಬೇಕು. ಒಳ್ಳೆ ಕಾಯ್ದೆ. ಆದರೆ ಅದನ್ನು ಓದಿದಾಗ ಕಣ್ಣಿಗೆ ಬರುವುದು ಟ್ಯಾಕ್ಸಿ ಓಡಿಸುವವರು, ಊಟ, ದಿನಸಿ ತಲುಪಿಸುವವರು. ಅವರ ಕಷ್ಟ ನಮಗಿಂತ ದೊಡ್ಡದು, ಅವರು ಮೊದಲು ಬರಬೇಕಾದದ್ದೇ. ಅಂಗಡಿ ಅಂಗಡಿಗೆ ಹೋಗಿ ಫೋಟೋ ತೆಗೆಯುವ ನಾವು ಯಾರಿಗೂ ಕಾಣುವುದಿಲ್ಲ, ನಮಗೆ ಯೂನಿಫಾರ್ಮ್ ಇಲ್ಲ, ಬ್ಯಾಗ್ ಇಲ್ಲ, ರಸ್ತೆ ಬದಿ ಒಟ್ಟಿಗೆ ನಿಲ್ಲುವ ಜಾಗವೂ ಇಲ್ಲ. ನಮ್ಮ ಕೆಲಸದ ಹೆಸರನ್ನೂ ಬರೆದು ಸೇರಿಸಲಿ ಅನ್ನುವುದು ನನ್ನ ಬೇಡಿಕೆ. ಆಪ್‌ನವರಿಗೂ ಒಂದು ಬೇಡಿಕೆ ಇದೆ. ಅಂಗಡಿಯವರು ಬೇಡ ಅಂದರೂ ಹೋಗಿ ಬಂದದ್ದಕ್ಕೆ ಅರ್ಧ ದುಡ್ಡಾದರೂ ಕೊಡಿ. ಒಪ್ಪಿದ ಅಂಗಡಿಯವರಿಗೂ ಹತ್ತು ರೂಪಾಯಿ ಹಾಕಿ, ಯುಪಿಐನಲ್ಲಿ ಒಂದು ಸೆಕೆಂಡಿನ ಕೆಲಸ ಅಲ್ವಾ?

ನಾನು ನೋಡಿದ ಆಪ್‌ಗಳಲ್ಲಿ ಅಂಗಡಿಯವರಿಗೆ ತೋರಿಸುವ ಪತ್ರ ಅಂತ ಒಂದು ಇರುತ್ತದೆ, ಪೂರ್ತಿ ಇಂಗ್ಲಿಷ್. ಅದನ್ನು ನೋಡಿದರೆ ನೋಟಿಸ್ ಅಂದುಕೊಂಡು ಇನ್ನೂ ಹೆದರುತ್ತಾರೆ. ಅದಕ್ಕೆ ನಾನೇ ಕನ್ನಡದಲ್ಲಿ ಒಂದು ಬರೆದು, ದೊಡ್ಡ ಅಕ್ಷರದಲ್ಲಿ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಬೇಕಾದವರು ತೆಗೆದುಕೊಳ್ಳಿ:

"ನಮಸ್ಕಾರ. ನಾನು ಸರ್ಕಾರದ ಕಡೆಯವಳಲ್ಲ, ಟ್ಯಾಕ್ಸ್ ಕಡೆಯವಳಲ್ಲ. ಈ ಕಂಪನಿಯ ಮಾಲು ನಿಮ್ಮ ಅಂಗಡಿಯಲ್ಲಿ ಹೇಗಿದೆ ಅಂತ ನೋಡಿ ಫೋಟೋ ಕಳಿಸುವುದು ನನ್ನ ಕೆಲಸ. ಒಂದು ಅಂಗಡಿಗೆ ನನಗೆ 40 ರೂಪಾಯಿ ಸಿಗುತ್ತದೆ. ಅಂಗಡಿಯ ಬೋರ್ಡು, ಶೆಲ್ಫ್ ಮಾತ್ರ ತೆಗೆಯುತ್ತೇನೆ. ನಿಮ್ಮ ಮುಖ, ಗಲ್ಲಾಪೆಟ್ಟಿಗೆ, ಲೆಕ್ಕದ ಪುಸ್ತಕ ತೆಗೆಯುವುದಿಲ್ಲ. ಫೋಟೋ ಮತ್ತು ಅಂಗಡಿಯ ಲೊಕೇಶನ್ ಕಂಪನಿಗೆ ಹೋಗುತ್ತದೆ. ಕಳಿಸುವ ಮುಂಚೆ ನಿಮಗೆ ತೋರಿಸುತ್ತೇನೆ. ಬೇಡ ಅಂದರೆ ಬೇಡ, ಹೊರಟುಹೋಗುತ್ತೇನೆ."

ಕಂಪನಿಯ ಹೆಸರನ್ನೂ ರೇಟನ್ನೂ ಆಯಾ ಟಾಸ್ಕ್ ನೋಡಿ ಬದಲಾಯಿಸಿಕೊಳ್ಳಿ. ನನಗೆ 40 ಸಿಗುತ್ತದೆ ಅನ್ನುವ ಸಾಲನ್ನು ಮಾತ್ರ ತೆಗೆಯಬೇಡಿ, ಹೆಚ್ಚಿನವರು ಅದನ್ನು ಓದಿದ ಮೇಲೇ "ಸರಿ, ತಗೊಳ್ಳಿ" ಅನ್ನುವುದು.